ದ್ವೀಪದಲ್ಲೇ ಬೆಸ್ಟು ಮೀನು

ಡೆನ್ಮಾರ್ಕಿನ ಬೋರ್ನ್‌ಹೋಲ್ಮ್ ದ್ವೀಪದಲ್ಲಿ ಹೊಗೆಯಲ್ಲಿ ಹದಮಾಡಿದ ಮೀನು ಮಾರುವ ಆಸ್ಗರ್‌ನನ್ನು ಮಾತಾಡಿಸಲು ರೇಡಿಯೊದವರು ಬರುವವರಿದ್ದರು. ಹಿಂದಿನ ದಿನ ಹೆಂಡತಿ ಬೋದಿಲ್ ಸೌಟನ್ನೇ ಮೈಕಿನಂತೆ ಅವನ ಮೂತಿಗೆ ಹಿಡಿದಳು.

“ನಿಮ್ಮ ಮೀನು ಹೇಗಿರುತ್ತೆ?”

“ತಿನ್ನಬಹುದು.”

“ನಿನ್ನ ತಲೆ. ಹೀಗಂದ್ರೆ ನಾಯೀನೂ ಮೂಸಿ ನೋಡಲ್ಲ. ದ್ವೀಪದಲ್ಲೇ ಬೆಸ್ಟು ಅನ್ನು.”

ನಾಲ್ಕು ಜನರಿಗಿಂತ ಮೇಲೆಂದು ಕಾಣಿಸಿಕೊಳ್ಳುವುದು ಆ ಊರಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟೇ ನಾಚಿಕೆಗೇಡು. ಆದರೂ ಪಾಪ, ಸಂಜೆತನಕ ನೇತುಹಾಕಿದ ಮೀನುಗಳೆದುರು ನಿಂತು ಅದನ್ನೇ ಉರು ಹೊಡೆದ.

ಮರುದಿನ ನಿಜವಾದ ಮೈಕು ಬಂತು. “ದ್ವೀಪದಲ್ಲೇ ಬೆಸ್ಟು,” ಎಂದು ಶುರುಮಾಡಿದವನ ಕಿವಿ ಕೆಂಪಾಯಿತು. “ಅಂದ್ರೆ, ಪಕ್ಕದ ಅಂಗಡಿ ವಿಗ್ಗೋನ ಮೀನು. ನಮ್ದು ತಿನ್ನಬಹುದು.”

ಪ್ರಸಾರ ಮುಗಿದ ಹತ್ತೇ ನಿಮಿಷಕ್ಕೆ ವಿಗ್ಗೋ ಬುಸುಗುಡುತ್ತ ಬಂದ.

“ನಾನು ನಿಂಗೇನು ಅನ್ಯಾಯ ಮಾಡಿದ್ದೆ ಮಾರಾಯ? ಇನ್ನು ಊರಲ್ಲಿ ಹೇಗೆ ತಲೆಯೆತ್ತಿ ಓಡಾಡ್ಲಿ?”