ಕಾಯಿ ಬಿಡದ ಶೀ ಓಕ್

ಡಾಕ್ಟರ್ ಪಂಚಾಕ್ಷರಿ ಹೊಟ್ಟೆಯೊಳಗಿನ ಮಗು ಗಂಡೋ ಹೆಣ್ಣೋ ಎಂದು ಹೇಳದೆ ಇರುವುದರಲ್ಲಿ ಪಳಗಿದವರು. ತುಮಕೂರಿನಲ್ಲಿ ಸ್ಕ್ಯಾನಿಂಗ್ ಡಾಕ್ಟರಾಗಿದ್ದಷ್ಟು ವರ್ಷವೂ, ಹಾಗೆ ಹೇಳುವುದು ಅಪರಾಧ ಎಂಬ ಬೋರ್ಡು ಅವರ ತಲೆಯ ಮೇಲೆ ತೂಗುತ್ತಿತ್ತು. ಜೊತೆಗೆ ಬಂದ ಅತ್ತೆಯಂದಿರು ಪರದೆ ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದುದರಿಂದ ಮುಖವನ್ನೂ ಸುಮ್ಮನಿರಿಸಲು ಕಲಿತಿದ್ದರು. ಪರ್ತ್‌ಗೆ ಬಂದ ಮೇಲೆ ಇಲ್ಲಿನ ದಂಪತಿಗಳು ನೇರವಾಗಿಯೇ ಕೇಳತೊಡಗಿದರು. ಇಲ್ಲಿ ಹೇಳಬಹುದು, ಹೇಳಿದರೆ ಸಂತೋಷವೇ ಪಡುತ್ತಾರೆ. ಆದರೂ ಪಂಚಾಕ್ಷರಿ ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿಯೇ ಹೇಳುತ್ತಿದ್ದರು.

ಪರ್ತ್‌ನ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ ಮನೆ ಕಟ್ಟಿಸಿದ ವರ್ಷವೇ ಅವರು ಹಿತ್ತಲಿನಲ್ಲಿ ಒಂದು ಶೀ ಓಕ್ ಸಸಿ ನೆಟ್ಟರು. ಅದಕ್ಕೆ ಕಾರಣ ಒಂದು ಹಕ್ಕಿ. ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಇದ್ದಿಲಿನಂಥ ಕಪ್ಪು ಕಾಕಟೂ ಗಿಳಿಯೊಂದು ಅವರ ಕಾರಿನ ಮೇಲಿಂದಲೇ ಹಾರಿ ಹೋಗಿತ್ತು. ಬಾಲ ಬಿಚ್ಚಿದಾಗ ಒಳಗೆ ಕುಂಕುಮದ ಬಣ್ಣ. ಪಂಚಾಕ್ಷರಿ ಕಾರಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಅವು ಶೀ ಓಕ್ ಕಾಯಿ ತಿನ್ನಲು ಬರುತ್ತವೆ ಎಂದು ರಿಸೆಪ್ಶನ್ನಿನ ಹುಡುಗಿ ಹೇಳಿದಳು. ಆ ವಾರವೇ ನರ್ಸರಿಯಿಂದ ಸಸಿ ಬಂತು.

ಗಿಡ ಎದೆಮಟ್ಟ ಬೆಳೆದಾಗ ಹೆಂಡತಿ ರುಕ್ಮಿಣಿ ಅದರ ಸುತ್ತ ಒಂದು ಸುತ್ತು ಬಂದರು.

"ಇದು ಸರ್ವೆ ಮರ ಕಣ್ರೀ. ಊರಲ್ಲಿ ಸೆಂಟ್ರಿಂಗ್ ಹಾಕೋಕೆ ಕಡೀತಾರಲ್ಲ, ಅದೇ."

"ಇಲ್ಲ ಕಣೆ, ಓಕ್. ಹೆಸರಲ್ಲೇ ಇದೆಯಲ್ಲ."

"ಹೆಸರಲ್ಲಿದೆ. ಮರದಲ್ಲೆಲ್ಲಿದೆ?"

ಈ ವಾದ ತುಂಬ ಕಾಲ ನಡೆಯಿತು. ಪಕ್ಕದ ಮನೆಯವರು ಅದನ್ನು ಪೈನ್ ಎಂದು ತಿಳಿದು, ಒಂದು ಕ್ರಿಸ್ಮಸ್‌ಗೆ ಅದಕ್ಕೆ ದೀಪ ಕಟ್ಟಲು ಅನುಮತಿ ಕೇಳಿದರು. ಪಂಚಾಕ್ಷರಿ ಕೊಟ್ಟರು. ಮರ ಯಾವುದಕ್ಕೂ ಬೇಸರಿಸದೆ ಬೆಳೆಯಿತು. ಮನೆಯ ಸೂರು ದಾಟಿತು. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಅದರ ತುದಿಗಳೆಲ್ಲ ತುಕ್ಕು ಹಿಡಿದಂತೆ ಕಂದಾಗಿ, ಒಣಹಾಕಿದ ಬಟ್ಟೆಯ ಮೇಲೆ ಕಂದು ಪುಡಿ ಉದುರುತ್ತಿತ್ತು. ಕಾಯಿ ಮಾತ್ರ ಒಂದೂ ಬಿಡಲಿಲ್ಲ. ಪಂಚಾಕ್ಷರಿ ಗೊಬ್ಬರ ಹಾಕಿದರು, ನೀರು ಹೆಚ್ಚಿಸಿದರು, ಯಾರೋ ಹೇಳಿದರೆಂದು ನೀರು ನಿಲ್ಲಿಸಿದರು. ಮಗಳು ಪೂರ್ವಿ ಹೈಸ್ಕೂಲು ಮುಗಿಸಿ, ಪರಿಸರ ವಿಜ್ಞಾನ ಓದಲು ಬ್ರಿಸ್ಬೇನ್‌ಗೆ ಹೋಗಿ, ಅಲ್ಲಿನ ಟೂವಾಂಗ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಮನೆ ಮಾಡಿದ ಮೇಲೂ ಹಕ್ಕಿ ಬಂದಿರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಪೂರ್ವಿ ರಜೆಗೆ ಬಂದಳು. ಅಪ್ಪ ಅವಳನ್ನು ಮರದ ಕೆಳಗೆ ನಿಲ್ಲಿಸಿ ತಮ್ಮ ದೂರು ಹೇಳಿಕೊಂಡರು. ಅವಳು ಒಂದು ಟೊಂಗೆ ಬಗ್ಗಿಸಿ ಕಂದು ತುದಿಯನ್ನು ನೋಡಿದಳು.

"ಅಪ್ಪ, ಇಟ್ಸ್ ಎ ಬಾಯ್."

ಪಂಚಾಕ್ಷರಿ ತಾವೂ ಟೊಂಗೆಯ ಹತ್ತಿರ ಬಗ್ಗಿ ನೋಡಿದರು.

ಪೂರ್ವಿ ಸೂಜಿಯಂಥ ಒಂದು ಎಳೆಯನ್ನು ಕಿತ್ತು, ಮೆಲ್ಲಗೆ ಎಳೆದಳು. ಅದು ಗಂಟಿನಲ್ಲಿ ಬಿಟ್ಟುಕೊಂಡಿತು. ಇದು ಎಲೆಯಲ್ಲ, ಎಳೆಯ ಕೊಂಬೆ. ಗಂಟಿನ ಸುತ್ತ ಇರುವ ಈ ಪುಟ್ಟ ಹಲ್ಲುಗಳೇ ಎಲೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಹಲ್ಲು ಎಣಿಸಿದರೆ ಜಾತಿ ತಿಳಿಯುತ್ತದೆ. ಇದರಲ್ಲಿ ಏಳಿದ್ದವು, ಹಾಗಾಗಿ ಪರ್ತ್ ಸುತ್ತಲಿನ ಶೀ ಓಕೇ ಸರಿ. ಜೌಗಿನಲ್ಲಿ ಬೆಳೆಯುವ ಇನ್ನೊಂದು ಜಾತಿಗಾದರೆ ಹಲ್ಲು ಇದರ ಎರಡರಷ್ಟಿರುತ್ತವೆ. ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಗಂಡಿಗೆ ತುದಿಯಲ್ಲಿ ಕಂದು ಹೂ, ಹೆಣ್ಣಿಗೆ ಕೊಂಬೆಯ ಮಗ್ಗುಲಲ್ಲಿ ಕೆಂಪು ಕುಚ್ಚು. ಕಾಯಿ ಬಿಡುವುದು ಹೆಣ್ಣು ಮಾತ್ರ. ಇನ್ನು ಓಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಹಿಂದೆ ಬಂದ ಇಂಗ್ಲಿಷರಿಗೆ ಕೊಯ್ದ ಹಲಗೆಯ ಗೆರೆಗಳು ತಮ್ಮೂರ ಓಕಿನಂತೆ ಕಂಡವು, ಅಷ್ಟೇ. ಸರ್ವೆ ಮರಕ್ಕೆ ಇದು ಹತ್ತಿರದ ನೆಂಟ.

"ನಾನ್ ಹೇಳ್ಲಿಲ್ವಾ?" ಎಂದರು ರುಕ್ಮಿಣಿ. ಆಮೇಲೆ ಗಂಡನ ಕಡೆ ತಿರುಗಿ, "ಇಷ್ಟ್ ವರ್ಷದಿಂದ ಇದೇ ಕೆಲ್ಸ ಮಾಡ್ತಿದೀರಿ. ಮನೇದು ಒಂದು ಗೊತ್ತಾಗ್ಲಿಲ್ಲ" ಎಂದರು.

"ಯಾರೂ ಕೇಳಿರ್ಲಿಲ್ಲ" ಎಂದರು ಪಂಚಾಕ್ಷರಿ.

ಮಗಳು ಹಿಂದಿರುಗಿದ ಮೇಲೆ ಅವರು ಸಂಜೆಯ ವಾಕಿಂಗಿನಲ್ಲಿ ಜೇಬಿನಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡು, ಹೆಣ್ಣು ಮರ ಹುಡುಕತೊಡಗಿದರು. ಬೇಲಿಗಳಾಚೆ ಕತ್ತು ಚಾಚುವ ಅವರನ್ನು ಜನ ಮನೆ ಕೊಳ್ಳಲು ಬಂದವರೆಂದುಕೊಂಡರು. ಎರಡು ಬೀದಿ ಆಚೆ ಕೊನೆಗೂ ಒಂದು ಸಿಕ್ಕಿತು. ಕೊಂಬೆಯ ತುಂಬ ಗೋಲಿಗಿಂತ ದಪ್ಪನೆಯ, ಮುಳ್ಳುಮುಳ್ಳಾದ ಕಾಯಿಗಳು. ಕಾಂಡಕ್ಕೆ ಯಾರೋ ಗುಲಾಬಿ ರಿಬ್ಬನ್ ಕಟ್ಟಿದ್ದರು. ಪಂಚಾಕ್ಷರಿಗೆ ಅದು ಹೆಣ್ಣೆಂಬುದರ ಗುರುತಾಗಿ ಕಂಡು ಸಂತೋಷವಾಯಿತು. ಬೆಲ್ ಒತ್ತಿದರು.

ಬಾಗಿಲು ತೆರೆದವರು ಗ್ಲೆನಿಸ್ ಎಂಬ ಮುದುಕಿ. ಒಂದು ಕೈಗೆ ಪ್ಲಾಸ್ಟರ್ ಹಾಕಿತ್ತು.

"ನಿಮ್ಮ ಮರ ಹೆಣ್ಣು" ಎಂದರು ಪಂಚಾಕ್ಷರಿ, ದನಿ ತಗ್ಗಿಸಿ.

"ಅದಕ್ಕೇನೀಗ?"

"ನಮ್ಮನೇಲಿ ಗಂಡಿದೆ."

ಗ್ಲೆನಿಸ್ ಬಾಗಿಲನ್ನು ಅರ್ಧ ಮುಚ್ಚಿದರು. ಪಂಚಾಕ್ಷರಿ ತಾನು ಡಾಕ್ಟರೆಂದೂ, ಮಾತು ಕಾಕಟೂಗಳದ್ದೆಂದೂ ವಿವರಿಸಿದ ಮೇಲೆ ಅದು ಮತ್ತೆ ತೆರೆಯಿತು. ರಿಬ್ಬನ್ ಕಟ್ಟಿದ್ದವನು ಮರ ಕಡಿಯುವವನು. ಮುಂದಿನ ಗುರುವಾರ ಬರುವವನಿದ್ದ. ಉದುರಿದ ಕಾಯಿಯ ಮೇಲೆ ಕಾಲಿಟ್ಟು ಜಾರಿಯೇ ಗ್ಲೆನಿಸ್ ಕೈ ಮುರಿದುಕೊಂಡದ್ದು.

"ಒಂಟಿ ಹೆಂಗಸು ನಾನು. ದಿನಾ ಯಾರು ಗುಡಿಸ್ತಾರೆ?"

"ನಾನು" ಎಂದರು ಪಂಚಾಕ್ಷರಿ. ಆ ಮಾತು ತಮ್ಮ ಬಾಯಿಂದ ಬಂದದ್ದು ಅವರಿಗೂ ಆಮೇಲೆ ತಿಳಿಯಿತು.

ಗ್ಲೆನಿಸ್ ಅವರನ್ನು ಮೇಲಿಂದ ಕೆಳಗೆ ನೋಡಿ, ಪೊರಕೆ ಗ್ಯಾರೇಜಿನಲ್ಲಿದೆ ಎಂದರು. ಮರ ಕಡಿಯುವವನಿಗೆ ಬೇಡವೆಂದು ಫೋನ್ ಹೋಯಿತು.

ಅಂದಿನಿಂದ ಅವರು ದಿನವೂ ಕೆಲಸಕ್ಕೆ ಹೋಗುವ ಮುಂಚೆ ಅಂಗಳ ಗುಡಿಸಿ ಹೋಗುತ್ತಾರೆ. ಮೊದಮೊದಲು ರುಕ್ಮಿಣಿಗೆ ಇದು ಸರಿ ಕಾಣಲಿಲ್ಲ. "ನಮ್ಮನೆ ಅಂಗಳಕ್ಕೆ ಒಂದಿನ ಪೊರಕೆ ಮುಟ್ಟಿಲ್ಲ ನೀವು" ಎಂದರು. ಆಮೇಲೆ ಅದೇನೆಂದು ನೋಡಲು ತಾವೂ ಹೋದರು. ಗ್ಲೆನಿಸ್ ಟೀ ಕೊಟ್ಟರು. ಮುಂದಿನ ಸಲ ರುಕ್ಮಿಣಿ ಕೋಡುಬಳೆ ಒಯ್ದರು. ಈ ಕಾಯಿಗಳಿಗೆ ನಿಮ್ಮ ಮನೆಯ ಮರವೇ ಅಪ್ಪನೋ ಎಂದು ಗ್ಲೆನಿಸ್ ಕೇಳಿದಾಗ ಪಂಚಾಕ್ಷರಿ, ಗಾಳಿಯ ಕೆಲಸ, ಇರಬಹುದು, ಖಚಿತವಾಗಿ ಹೇಳಲಾಗದು ಎಂದರು.

ಫೆಬ್ರವರಿಯ ಒಂದು ಮಧ್ಯಾಹ್ನ ಹಕ್ಕಿಗಳು ಬಂದವು. ಪಂಚಾಕ್ಷರಿ ಆಸ್ಪತ್ರೆಯಲ್ಲಿದ್ದರು. ಹೆಂಗಸರಿಬ್ಬರೂ ಗ್ಲೆನಿಸ್ ಮನೆಯ ವರಾಂಡದಲ್ಲಿ ಕೂತು, ಅವು ಹೋಗುವವರೆಗೂ ನೋಡಿದರು. ಸಂಜೆ ಪಂಚಾಕ್ಷರಿ ಬರುವಷ್ಟರಲ್ಲಿ ಅಂಗಳದ ತುಂಬ ಸೀಳಿದ ಕಾಯಿ, ಮುರಿದ ಕಡ್ಡಿ. ಅವರು ಶರ್ಟಿನ ತೋಳು ಮಡಿಸಿ ಅದನ್ನೆಲ್ಲ ಒಂದು ಕಡೆಯಿಂದ ಗುಡಿಸಿದರು. ಆಮೇಲೆ ರುಕ್ಮಿಣಿ ಮೊಬೈಲಿನಲ್ಲಿ ತೆಗೆದ ವಿಡಿಯೊ ತೋರಿಸಿದರು. ಬಹುಪಾಲು ಅವರ ಹೆಬ್ಬೆರಳೇ ಇತ್ತು. ಒಂದು ಕಡೆ ಮಾತ್ರ, ಮೂಲೆಯಲ್ಲಿ, ಕಪ್ಪು ಬಾಲವೊಂದು ಬಿಚ್ಚಿ ಕೆಂಪಗೆ ಮಿಂಚಿ ಹೋಯಿತು.

ಪಂಚಾಕ್ಷರಿ ಅದನ್ನು ಎರಡು ಸಲ ನೋಡಿ, "ಚೆನ್ನಾಗ್ ಬಂದಿದೆ" ಎಂದು ಮೊಬೈಲು ಹಿಂದಿರುಗಿಸಿ, ಕೈ ತೊಳೆಯಲು ಎದ್ದರು.