ತಾಂಡೇಲರ ಫಿಯಾಟು

ಮೊನ್ನೆ ಹೊನ್ನಾವರದ ಬಂದರಿನಲ್ಲಿ ಮೀನು ಕೊಳ್ಳಲೆಂದು ಕಾರು ನಿಲ್ಲಿಸಿ ಕಿಟಕಿ ಇಳಿಸಿದೆ. ಯಾರೋ ಒಂದು ಮರದ ದೋಣಿಯನ್ನು ಮಗುಚಿ ಹಾಕಿ ಅದರ ಹೊಟ್ಟೆಗೆ ಮೀನೆಣ್ಣೆ ಬಳಿಯುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಸೊಸೆ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಉಸಿರು ಎಳೆದುಕೊಂಡೆ, ಇನ್ನೊಮ್ಮೆ ಎಳೆದುಕೊಂಡೆ... ನಮ್ಮ ತಾಂಡೇಲರ ಕಾರು ಹೀಗೆಯೇ ನಾರುತ್ತಿತ್ತು!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಕಿಯ ಶಾಲೆಯಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಅಪ್ಸರಕೊಂಡಕ್ಕೆ ತಿರುಗುವ ದಾರಿಯ ಹತ್ತಿರ ಒಂದು ಮನೆಯ ಮಗ್ಗುಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮನೆಯ ಯಜಮಾನರು ಆಯುಷ್ಯವನ್ನೆಲ್ಲ ಸಮುದ್ರದ ಮೇಲೆ ಕಳೆದವರು. ಚುಕ್ಕಾಣಿ ಹಿಡಿದು ದೋಣಿಯವರನ್ನೆಲ್ಲ ನಡೆಸುವವನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ದೋಣಿ ಬಿಟ್ಟ ಮೇಲೂ ಊರಿಗೆಲ್ಲ ಅವರು ತಾಂಡೇಲರೇ. ಯಂತ್ರದ ಟ್ರಾಲರುಗಳು ಬಂದು, ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಗಳು ಮೂಲೆ ಸೇರಿದಾಗ ಅವರ ವಾರಿಗೆಯವರು ಅಂಗಡಿ ಇಟ್ಟರು, ಗದ್ದೆ ಕೊಂಡರು. ಇವರು ದೋಣಿ ಮಾರಿ ಮುಂಬಯಿಯಿಂದ ಒಂದು ಹಳೆಯ ಫಿಯಾಟ್ ತರಿಸಿದರು. ಬಾಡಿಗೆಗೆ ಬಿಡುವುದಕ್ಕೆ ಇರಬೇಕು ಅಂದುಕೊಂಡರು ಎಲ್ಲರೂ. ಅಲ್ಲ, ಬರೀ ಓಡಿಸುವುದಕ್ಕೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನ ಮಾಡಿತು.

ಹುಟ್ಟುಗುಣ ಸುಟ್ಟರೂ ಹೋಗದು. ಮಳೆಗಾಲ ಹತ್ತಿರ ಬಂದರೆ ಚಾಪೆ ಹಾಸಿಕೊಂಡು ಕಾರಿನ ಅಡಿಗೆ ನುಗ್ಗುತ್ತಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ದೋಣಿಗೆ ಬಳಿಯುವ ಮೀನೆಣ್ಣೆಯನ್ನೇ ಕಾರಿನ ಹೊಟ್ಟೆಗೂ ಬಳಿಯುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಆ ಕಾರು ಎಲ್ಲಿ ನಿಂತರೂ ಊರ ಬೆಕ್ಕುಗಳೆಲ್ಲ ಅಲ್ಲಿ ಹಾಜರು. ಮನೆ ಇನ್ನೂ ದೂರ ಇರುವಾಗಲೇ ಇಂಜಿನ್ ಬಂದ್ ಮಾಡಿ, ದೋಣಿಯನ್ನು ದಡಕ್ಕೆ ತರುವ ಹಾಗೆ ಕಾರನ್ನು ಅದರ ಪಾಡಿಗೆ ತೇಲಿ ಬರಲು ಬಿಡುತ್ತಿದ್ದರು. ಒಂದೆರಡು ಸಲ ಅದು ತೇಲಿ ಬಂದು ನಮ್ಮ ಬಚ್ಚಲಿನ ಗೋಡೆಗೆ ತಾಗಿದ್ದೂ ಉಂಟು.

"ಬ್ರೇಕ್ ಒತ್ತೂದಲ್ವಾ ತಾಂಡೇಲರೆ?" ಎಂದು ನಾನು ಕೇಳಿದರೆ, "ದೋಣಿಗೆ ಬ್ರೇಕ್ ಅದ್ಯಾ ಅಕ್ಕೋರೆ?" ಎಂದು ನನ್ನನ್ನೇ ಕೇಳುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರು ಎಷ್ಟು ಚಿಕ್ಕವರಾದರೂ ಅಕ್ಕೋರೇ.

ಇನ್ನೊಂದು ಅಭ್ಯಾಸವಿತ್ತು. ದೋಣಿಯಲ್ಲಿ ತಾಂಡೇಲ ಹಿಂದೆ ಚುಕ್ಕಾಣಿ ಹಿಡಿದರೆ, ಮುಂದಿನ ತುದಿಯಲ್ಲಿ ಒಬ್ಬ ನಿಂತು ನೀರು ನೋಡಿ ಕೂಗಿ ಹೇಳಬೇಕು. ಕಾರಿನಲ್ಲಿ ಆ ಕೆಲಸ ಅವರ ಹೆಂಡತಿಯದು. ನಾನು ಅಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸು, ಒಂದು ಕಾಲದಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು, ಮುಂದಿನ ಸೀಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಹೇಳುತ್ತಲೇ ಇರುತ್ತಿದ್ದರು: "ಎಡಕ್ಕೆ ಎಮ್ಮೆ... ಎದುರಿಗೆ ಲಾರಿ... ಹೊಂಡ, ಹೊಂಡ!" ಬೀದಿಯವರು ನಗುತ್ತಿದ್ದರು. ನಾನೂ ಹಿಂದಿನ ಸೀಟಿನಲ್ಲಿ ಕೂತು ನಗುತ್ತಿದ್ದೆ.

ಭಾನುವಾರ ಬಂತೆಂದರೆ ನಮ್ಮ ಸವಾರಿ ಶಿರಾಲಿಯ ತನಕ. ಅಲ್ಲಿ ಒಂದು ಚಾ ಕುಡಿದು ತಿರುಗಿ ಬರುವುದು, ಅಷ್ಟೇ. ಬಾಗಿಲಿನ ಮೂಲೆಯ ಚಿಕ್ಕ ಗಾಜನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೇ ಬಡಿಯುತ್ತಿತ್ತು. ಸ್ಟೀರಿಂಗಿನ ಬುಡದಲ್ಲಿದ್ದ ಗೇರನ್ನು ತಾಂಡೇಲರು ಎರಡು ಬೆರಳಿನಲ್ಲಿ ಬದಲಿಸುತ್ತಿದ್ದರು, ಆಮೇಲೆ ಕೂತಲ್ಲೇ ಸ್ವಲ್ಪ ತೂಗುತ್ತ ಸಿಳ್ಳೆ ಹಾಕುತ್ತಿದ್ದರು. ಅಷ್ಟು ಸುಖವಾಗಿ ಕಾರು ಓಡಿಸಿದವರನ್ನು ನಾನು ಮತ್ತೆ ನೋಡಿಲ್ಲ.

ಒಂದು ಬೆಳಿಗ್ಗೆ ನನಗೆ ಬಸ್ಸು ತಪ್ಪಿತು. ಅಮ್ಮನಿಗೆ ಜ್ವರ. "ಬನ್ನಿ ಅಕ್ಕೋರೆ, ಸಾಲೆಗೆ ಬಿಡ್ತೆ" ಎಂದು ತಾಂಡೇಲರು ಕಾರು ತೆಗೆದರು. ಅಮ್ಮ ಕಂಬಳಿ ಹೊದ್ದು ಬಾಗಿಲ ತನಕ ಬಂದು, "ಮುಂದೆ ಕೂತ್ಕಳಿ. ಬಾಯಿ ಮುಚ್ಚಬೇಡಿ" ಎಂದರು. ಇದೊಂದು ತಮಾಷೆ ಎಂದುಕೊಂಡು ನಾನು ಮುಂದೆ ಕೂತು, ಆ ದಿನದ ಪಾಠ ಯೋಚಿಸುತ್ತ ಸುಮ್ಮನಿದ್ದೆ.

ಹೆದ್ದಾರಿಯಲ್ಲಿ ಒಂದು ಹುಲ್ಲಿನ ಗಾಡಿ ಹೋಗುತ್ತಿತ್ತು. ದೊಡ್ಡ ಗಾಡಿ, ಮನೆಯಷ್ಟು ಎತ್ತರ ಹುಲ್ಲು. ನಾವು ಅದರ ಕಡೆಗೇ ಹೋಗುತ್ತಿದ್ದೆವು. ತಾಂಡೇಲರು ಸಿಳ್ಳೆ ಹಾಕುತ್ತಿದ್ದರು. ಈಗ ತಿರುಗಿಸುತ್ತಾರೆ, ಈಗ ತಿರುಗಿಸುತ್ತಾರೆ ಎಂದು ಕಾದು ಕೊನೆಗೆ ನಾನು ಕಿರುಚಿದೆ. ಕಾರಿನ ಮೂತಿ ಹುಲ್ಲಿನೊಳಗೆ ಹೊಕ್ಕು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

"ಇದೆಂತಾ ಅಕ್ಕೋರೆ, ಗಾಡಿ ಇತ್ತು ಅಂದ್ರೆ ಹೇಳೂದಲ್ವಾ?" ಎಂದು ಅವರು ನನಗೇ ಬೈದರು.

ಆಗ ನನಗೆ ಅನುಮಾನ ಬಂತು. ಅವರ ಮುಖದ ಮುಂದೆ ಬೆರಳು ಹಿಡಿದು "ಇದು ಎಷ್ಟು?" ಎಂದೆ. "ಅದನ್ನೆಲ್ಲ ನಿಮ್ಮ ಸಾಲೆ ಮಕ್ಕಳಿಗೆ ಕೇಳಿ" ಎಂದು ಮುಖ ತಿರುಗಿಸಿದರು. ಕಣ್ಣಿನಲ್ಲಿ ಪೊರೆ ಬೆಳೆದಿತ್ತು, ಹತ್ತಿರದಿಂದ ನೋಡಿದರೆ ಬಿಳಿ ಬಿಳಿ ಕಾಣುತ್ತಿತ್ತು. ಕಾರನ್ನು ಅಲ್ಲಿಯೇ ರಸ್ತೆಯ ದಡಕ್ಕೆ ಹಾಕಿಸಿ, ಪರಿಚಯದ ಲಾರಿಯವನೊಬ್ಬನ ಕೈಯಲ್ಲಿ ಮನೆಗೆ ಮುಟ್ಟಿಸಿದೆ.

ಸಂಜೆ ಅಮ್ಮನ ಹತ್ತಿರ ಜಗಳವನ್ನೇ ತೆಗೆದೆ. ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು. ಕುಮಟೆಯಲ್ಲಿ ಕಣ್ಣಿನ ಡಾಕ್ಟರರು ಇದ್ದಾರಲ್ಲ, ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದರೆ ಅಮ್ಮ ಒಲೆಯ ಕೊಳ್ಳಿ ಮುಂದೆ ತಳ್ಳುತ್ತ ಹೇಳಿದರು:

"ದೋಣಿ ತಕಂಡು ದರ್ಯಕ್ಕೆ ಹೋಪತ್ತಿಗೆ ಒಂದು ದಿನ ನನ್ನ ಮಾತು ಕೇಳಿದವರಲ್ಲ ಅವರು. ಗಾಳಿ ಅದೆ, ಹೋಗಬೇಡಿ ಅಂದ್ರೂ ಹೋದವರೇ. ಈಗ ನಾ ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಕಣ್ಣು ಸರಿ ಆತು ಅಂದ್ರೆ... ಮತ್ತೆ ನನ್ನ ಯಾರು ಕೇಳ್ತಾರೆ ಅಕ್ಕೋರೆ?"

ನನಗೆ ಸಿಟ್ಟು ಬಂದಿತ್ತು, ಈ ಮಾತು ಕೇಳಿ ಅಳುವೂ ಬಂತು. ಆದರೂ ಬಿಡಲಿಲ್ಲ. "ಆ ಗಾಡಿಯ ಬದಲು ಶಾಲೆಗೆ ಹೋಗುವ ಒಂದು ಮಗು ಇದ್ದಿದ್ದರೆ?" ಎಂದೆ. ಅಮ್ಮ ಎದ್ದು ಹೋಗಿ ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಗಂಡನಿಗೆ ಹೇಳಿದ್ದು ಇಷ್ಟೇ: "ಕಣ್ಣು ಮಾಡಿಸ್ಕಂಡು ಬನ್ನಿ. ಕೀಲಿ ಕೊಡ್ತೆ."

ತಾಂಡೇಲರು ಮುಖ ಊದಿಸಿಕೊಂಡರು, ಊಟ ಬಿಟ್ಟರು, ನನ್ನ ಹತ್ತಿರ ಮಾತು ಬಿಟ್ಟರು. ಸಂಜೆಯಾದರೆ ನಿಂತ ಕಾರಿನೊಳಗೆ ಹೋಗಿ ಸ್ಟೀರಿಂಗ್ ಹಿಡಿದುಕೊಂಡು ಕೂತಿರುತ್ತಿದ್ದರು. ಅಮ್ಮ ಜಗ್ಗಲಿಲ್ಲ. ಮಳೆಗಾಲ ಕಳೆದ ಮೇಲೆ ತಾಂಡೇಲರು ಕುಮಟೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದರು.

ಡಾಕ್ಟರರು ಓಡಿಸಬಹುದು ಎಂದ ಮೇಲಿನ ಮೊದಲ ಭಾನುವಾರ. ಅಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟು, ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ತಾಂಡೇಲರಿಗೆ ಎಲ್ಲವೂ ಹೊಸದು. "ಓಹೋ, ಇಲ್ಲಿ ಇಷ್ಟು ಮನೆ ಎದ್ದಿತ್ತಾ? ಆ ಬೋರ್ಡು ಯಾವಾಗ ಹಾಕಿದ್ದು?" ಎಮ್ಮೆಯನ್ನು ತಾವೇ ತಪ್ಪಿಸಿದರು, ಲಾರಿಗೆ ತಾವೇ ದಾರಿ ಬಿಟ್ಟರು. ಅಮ್ಮ ಒಂದು ಮಾತೂ ಆಡಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಪಕ್ಕದ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನಾನು ಮಾಡಿದ್ದು ಸರಿಯೇ ಆಗಿದ್ದರೂ, ಆ ಬೆನ್ನು ನೋಡಲಾಗದೆ ನಾನೂ ಕಿಟಕಿಯ ಕಡೆ ತಿರುಗಿದೆ.

ಮಂಕಿ ದಾಟಿದ ಮೇಲೆ ಸಿಳ್ಳೆ ನಿಂತಿತು. ತಾಂಡೇಲರು ಕಾರನ್ನು ಬದಿಗೆ ತಂದು ಇಂಜಿನ್ ಬಂದ್ ಮಾಡಿದರು.

"ಎಂತ, ಬಾಯಿಗೆ ಬೀಗ ಹಾಕ್ಕಂಡಿದ್ಯಾ?"

"ನಿಮಗೆ ಕಾಣ್ತದಲ್ಲ" ಎಂದರು ಅಮ್ಮ, ತಿರುಗದೆ.

"ಕಾಣ್ತದೆ... ಆದ್ರೂ ಹೇಳು. ನೀ ಹೇಳದಿದ್ರೆ ಗಾಡಿ ಹೊಡೂಕೆ ಮಜಾ ಇಲ್ಲ."

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತರು. ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಎದುರಿಗೆ ಎಂತೂ ಇಲ್ಲ. ಸಾವಕಾಶ ಹೊಡಿರಿ" ಎಂದರು. ಶಿರಾಲಿ ಬರುವ ತನಕ ಆ ಬಾಯಿ ಮತ್ತೆ ಮುಚ್ಚಲಿಲ್ಲ. ಎಮ್ಮೆ ಇದ್ದಲ್ಲಿ ಎಮ್ಮೆ, ಇಲ್ಲದಲ್ಲಿಯೂ ಎಮ್ಮೆ. ಅಮ್ಮ ಹೇಳಿದಲ್ಲೆಲ್ಲ ತಾಂಡೇಲರು ಕಾರು ತಿರುಗಿಸಿದರು. ನಾವು ಮೂವರೂ ನಕ್ಕು ನಕ್ಕು ಸುಸ್ತಾದೆವು.

ಮುಂದೆ ನಾನು ವರ್ಗವಾಗಿ ಕುಮಟೆಗೆ ಬಂದೆ. ಅಮ್ಮ ಮೊದಲು ತೀರಿಕೊಂಡರು. ಆಮೇಲೆ ತಾಂಡೇಲರು ಕಾರು ಮುಟ್ಟಲಿಲ್ಲ ಎಂದು ಕೇಳಿದೆ. ಸ್ವಲ್ಪ ಸಮಯದಲ್ಲಿ ಅವರೂ ಹೋದರು... ಈಗ ಆ ದಾರಿ ಅಗಲವಾಗಿದೆ, ನಾವು ನಿಂತಿದ್ದ ಜಾಗ ಯಾವುದೆಂದು ಗುರುತು ಹಿಡಿಯಲಾರೆ. ಮೊನ್ನೆ ಮೀನು ಕೊಂಡು ಅಲ್ಲಿಂದಲೇ ಹಾದು ಹೋದೆ. ಸೊಸೆಗೆ ಈ ಕತೆ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗದೆ ಗೇರು ಬದಲಿಸಿದೆ. ಆ ಭಾನುವಾರ ಕಾರಿನಲ್ಲಿ ನಕ್ಕವರಲ್ಲಿ ಉಳಿದವಳು ಈಗ ನಾನೊಬ್ಬಳೇ.