ಬಸ್ಸಿನವರು ಮೊದಲು

ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಹೆಂಡತಿಯ ತಲೆ ತಿನ್ನತೊಡಗಿದೆ. ಒಲೆಯ ಮೇಲೆ ಯಾವ ಪಾತ್ರೆ ಮೊದಲು, ತಂತಿಯ ಮೇಲೆ ಯಾವ ಬಟ್ಟೆ ಎಲ್ಲಿ, ಎಲ್ಲದಕ್ಕೂ ಮೂಗು ತೂರಿಸುತ್ತಿದ್ದೆ. ಸಾಗರದಲ್ಲಿರುವ ಮಗಳು ಒಂದು ಭಾನುವಾರ ಬಂದವಳು ಇದನ್ನೆಲ್ಲ ನೋಡಿ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. "ಅಮ್ಮನ್ನ ಬಿಟ್ಬಿಡಿ ಅಪ್ಪ, ಈ ಆಸ್ಪತ್ರೆ ನಡೆಸಿ" ಎಂದಳು.

ಆ ಆಸ್ಪತ್ರೆಗೆ ಬರುವವರೆಲ್ಲ ವಿಚಿತ್ರ ರೋಗಿಗಳು. ಒಬ್ಬನ ಕಿವಿ ಕೆಸುವಿನ ಎಲೆಯಷ್ಟು ದೊಡ್ಡದು. ಒಬ್ಬಳು ಸೀನಿದರೆ ಸೂರಿಗೆ ಹೋಗಿ ತಗಲುತ್ತಾಳೆ. ಇನ್ನೊಬ್ಬನನ್ನು ಯಂತ್ರಕ್ಕೆ ಹಾಕಿ ಒದ್ದೆ ಪಂಚೆಯಂತೆ ಹಿಂಡಿದರೇ ಗುಣ. ಕೋಣೆ ಎಲ್ಲಿ ಕಟ್ಟಬೇಕು, ಬೆಂಚು ಎಲ್ಲಿಡಬೇಕು, ಯಾರನ್ನು ಮೊದಲು ಒಳಗೆ ಬಿಡಬೇಕು ಎನ್ನುವುದು ಆಡುವವನ ಕೆಲಸ. ಪ್ರತಿಯೊಬ್ಬರ ತಲೆಯ ಮೇಲೂ ಒಂದು ಬಣ್ಣದ ಪಟ್ಟಿ. ಹಸಿರಿದ್ದರೆ ಇನ್ನೂ ಕಾಯಬಲ್ಲರು. ಕೆಂಪಾದರೆ ಕುಸಿದು ಬೀಳುತ್ತಾರೆ, ಆಗ ಕೊಡೆ ಹಿಡಿದ ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತ, ಕುಣಿಯುತ್ತ ಬಂದು ಎತ್ತಿಕೊಂಡು ಹೋಗುತ್ತದೆ. ನನ್ನ ಆಸ್ಪತ್ರೆಯಲ್ಲಿ ಮೂರು ವಾರ ಒಂದೇ ಒಂದು ಸಾವಿರಲಿಲ್ಲ. ಜೀವನವಿಡೀ ಬಸ್ಸಿನಲ್ಲಿ ಜನರನ್ನು ಹಿಂದೆ ಮುಂದೆ ಸರಿಸಿದವನಿಗೆ ಇದೇನು ಮಹಾ ಎಂದು ಬೀಗುತ್ತಿದ್ದೆ.

ಆ ಬೀಗುವಿಕೆಯಲ್ಲೇ ಹೆಂಡತಿಯನ್ನು ಹೊಸನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಅವಳಿಗೆ ಎದೆಯ ಕೆಳಗೆ ಉರಿ, ದವಡೆಯಲ್ಲಿ ನೋವು. "ಗ್ಯಾಸು" ಎಂದು ಜೀರಿಗೆ ಕಷಾಯ ಕುಡಿದಿದ್ದಳು, ಇಳಿದಿರಲಿಲ್ಲ. ನಮಗೆ ಸಿಕ್ಕಿದ್ದು ನಾಲ್ಕನೇ ಟೋಕನ್.

ಆ ಕ್ಲಿನಿಕ್ಕಿನಲ್ಲಿ ಟೋಕನ್ನಿಗಿಂತ ದೊಡ್ಡ ನಿಯಮವೊಂದಿದೆ. ಬಸ್ಸಿನವರು ಮೊದಲು. ಹಳ್ಳಿಯಿಂದ ಬಂದವರಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಮತ್ತೆ ಸಂಜೆಯೇ ಗತಿ, ಹಾಗಾಗಿ ನಮ್ಮಂಥ ಊರೊಳಗಿನವರು ತಮ್ಮ ಸರದಿ ಬಿಟ್ಟುಕೊಡುತ್ತಾರೆ. ಇದನ್ನು ಯಾರೂ ಗೋಡೆಗೆ ಬರೆದು ಹಾಕಿಲ್ಲ. ಆದರೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತು?

"ಕಂಡಕ್ಟ್ರೇ, ತೀರ್ಥಹಳ್ಳಿ ಬಸ್ಸಿಗೆ ಟೈಮಿದ್ಯಾ?" ಎಂದು ಕೋಲೂರಿಕೊಂಡ ಒಬ್ಬ ಮುದುಕ ಕೇಳಿದ. ಅಷ್ಟು ಸಾಕಾಯಿತು. ನಾನು ಎದ್ದು ನಿಂತೆ. ಒಂದು ಕೈಯಲ್ಲಿ ಆಟ ತೆರೆದಿದ್ದ ಫೋನು, ಇನ್ನೊಂದು ಕೈ ಮೇಲೆ. "ತೀರ್ಥಹಳ್ಳಿ ಕಡೆಯವ್ರು ಈ ಬೆಂಚಿಗೆ ಬನ್ನಿ. ಅಜ್ಜ, ನೀವು ಮುಂದೆ. ಮಗು ಎತ್ಕೊಂಡವ್ರು ಅವರ ಹಿಂದೆ." ಜನ ನಗುತ್ತ ನಾನು ಹೇಳಿದಂತೆ ಸರಿದು ಕೂತರು. ಮುದುಕನನ್ನು ಒಳಗೆ ಕಳಿಸಿ ಹೆಂಡತಿಯ ಕಡೆ ತಿರುಗಿದೆ.

"ಕಾಯ್ತೀಯಲ್ಲ?"

"ಅಡ್ಡಿಲ್ಲ, ಕಳ್ಸಿ" ಎಂದಳು.

ಇನ್ನೂ ಇಬ್ಬರನ್ನು ಕಳಿಸಿ ಮತ್ತೆ ಕೇಳಿದೆ. "ಅಡ್ಡಿಲ್ಲ" ಎಂದಳು. ನಾನದನ್ನು ಹಸಿರು ಪಟ್ಟಿ ಎಂದುಕೊಂಡೆ. ಇನ್ನೊಬ್ಬಳನ್ನೂ ಒಳಗೆ ಬಿಟ್ಟು, ಗೆದ್ದವನಂತೆ ಅವಳ ಪಕ್ಕ ಕೂತಾಗ ನನ್ನ ತೋಳಿಗೆ ಅವಳ ತೋಳು ತಗಲಿತು. ತಣ್ಣಗಿತ್ತು. ರವಿಕೆ ಬೆವರಿನಿಂದ ತೊಯ್ದಿತ್ತು. ಫ್ಯಾನು ಅವಳ ನೆತ್ತಿಯ ಮೇಲೇ ತಿರುಗುತ್ತಿತ್ತು. ಸರದಿ ನೋಡದೆ ಅವಳನ್ನು ಹಿಡಿದುಕೊಂಡು ಒಳಗೆ ನುಗ್ಗಿದೆ.

ಇಸಿಜಿ ಕಾಗದ ಹೊರಬರುತ್ತಿದ್ದಂತೆ ಡಾಕ್ಟರ ಮುಖ ಬದಲಾಯಿತು. ಎರಡು ಮಾತ್ರೆ ಕೊಟ್ಟು ಜಗಿಯಲು ಹೇಳಿದರು. "ಹಾರ್ಟ್ ಅಟ್ಯಾಕ್ ಇದು. ಇವ್ರು ಬಂದು ಎಷ್ಟು ಹೊತ್ತಾಯ್ತು?" ಎಂದು ನನ್ನನ್ನೇ ಕೇಳಿದರು.

ಗಡಿಯಾರ ನೋಡಿಯೇ ಬದುಕಿದವನು ನಾನು. ಕೈಯಲ್ಲಿದ್ದ ನಾಲ್ಕನೇ ಟೋಕನ್ನನ್ನು ಅವರ ಮೇಜಿನ ಮೇಲಿಟ್ಟೆ.

ಆಂಬುಲೆನ್ಸ್ ಬೇರೆ ರೋಗಿಯನ್ನು ಬಿಡಲು ಹೋಗಿತ್ತು. ಡಾಕ್ಟರು ತಮ್ಮ ಕಾರನ್ನೇ ಕೊಟ್ಟರು, ಜೊತೆಗೆ ಒಬ್ಬ ನರ್ಸ್. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಎಂದರು. ಆ ರಸ್ತೆಯ ಪ್ರತಿ ತಿರುವೂ ನನಗೆ ಬಾಯಿಪಾಠ. ಒಂದೊಂದು ಸ್ಟಾಪು ದಾಟಿದಾಗಲೂ ಇನ್ನೆಷ್ಟು ಉಳಿದವು ಎಂದು ಎಣಿಸುತ್ತಿದ್ದೆ. ಹೆಂಡತಿ ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ನರ್ಸ್ ಅವಳ ನಾಡಿ ಬಿಟ್ಟಿರಲಿಲ್ಲ.

ಒಂದು ಕಡಿದಾದ ತಿರುವು ಕಳೆದದ್ದೇ ನಮ್ಮ ಮುಂದೆ ಬಸ್ಸು. ಅದೇ ಮಧ್ಯಾಹ್ನದ ತೀರ್ಥಹಳ್ಳಿ ಬಸ್ಸು, ಇಕ್ಕಟ್ಟಿನ ರಸ್ತೆಯ ನಡುವೆ ನಿಂತಿತ್ತು. ಹಿಂಬಾಗಿಲಿನಿಂದ ಯಾರೋ ಇಳಿಯುತ್ತಿದ್ದರು. ಮೊದಲು ಕೋಲು, ಆಮೇಲೆ ಮಾತ್ರೆಯ ಕವರು, ಆಮೇಲೆ ಒಂದು ಕಾಲು. ನಾನು ಮೊದಲಿಗೆ ಒಳಗೆ ಕಳಿಸಿದ ಮುದುಕ. ಇಂಥವರು ಪೂರ್ತಿ ನೆಲ ಮುಟ್ಟುವ ತನಕ ರೈಟ್ ಎನ್ನದೆ ಕಾದವನು ನಾನು. ಈಗ ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದೆ. "ಇಳಿಯೋ ಮಾರಾಯಾ, ಬೇಗ ಇಳಿಯೋ!"

ಡ್ರೈವರು ಕನ್ನಡಿಯಲ್ಲಿ ನನ್ನ ಗುರುತು ಹಿಡಿದಿರಬೇಕು. ಮುದುಕ ಇಳಿದದ್ದೇ ಬಸ್ಸನ್ನು ಹುಲ್ಲಿನ ಮೇಲೆ ಹತ್ತಿಸಿ ದಾರಿ ಬಿಟ್ಟ. ದಾಟುವಾಗ ಮುದುಕ ನನ್ನನ್ನು ನೋಡಿ, ಉಪಕಾರವಾಯಿತು ಎನ್ನುವಂತೆ ಕೈ ಮುಗಿದ. ಆ ಕ್ಷಣ ಅವನ ಮೇಲೆ ಉಕ್ಕಿದ ಸಿಟ್ಟನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಇಂಜೆಕ್ಷನ್ ಕೊಟ್ಟ ಮೇಲೆ ನನ್ನನ್ನು ಹೊರಗೆ ಕೂರಿಸಿದರು. ಈಗಲೇ ಏನೂ ಹೇಳಲಾಗದು ಎಂದರು. ಮಗಳಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ. ಆಟ ಮುಚ್ಚದೆ ಹಾಗೇ ತುರುಕಿಕೊಂಡಿದ್ದೆನಲ್ಲ, ಪರದೆ ಬೆಳಗಿದ್ದೇ ಅದು ಮತ್ತೆ ನಡೆಯತೊಡಗಿತು. ಬೆಂಚಿನ ತುಂಬ ಕೆಂಪು ಪಟ್ಟಿಗಳು. ಕೊಡೆ ಹಿಡಿದ ಅಸ್ಥಿಪಂಜರ ಗಂಟೆ ಬಾರಿಸುತ್ತ ಬಂತು. ಆ ಶಬ್ದ ನಿಲ್ಲಿಸುವುದು ಹೇಗೆಂದು ತಿಳಿಯದೆ ಫೋನನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೂತೆ. ಜೊತೆಗೆ ಬಂದಿದ್ದ ನರ್ಸೇ ಅದನ್ನು ತೆಗೆದುಕೊಂಡು ಮಗಳಿಗೆ ಸುದ್ದಿ ಹೇಳಿದರು. ಬಾಗಿಲ ಗಾಜಿನಾಚೆ ಹೆಂಡತಿಯ ತಲೆಯ ಮೇಲೂ ಒಂದು ಪರದೆ ಇತ್ತು. ಅದರಲ್ಲಿ ಹಸಿರು ಗೆರೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಮಗಳು ಸಾಗರದಿಂದ ಬಂದು ನನ್ನ ಹೆಗಲು ಮುಟ್ಟುವ ತನಕ ನಾನು ಅದರಿಂದ ಕಣ್ಣು ಕೀಳಲಿಲ್ಲ.

ಹೆಂಡತಿ ಉಳಿದಳು. ತಿಂಗಳ ನಂತರ ತೋರಿಸಲು ಅದೇ ಕ್ಲಿನಿಕ್ಕಿಗೆ ಹೋದೆವು. ನಮ್ಮ ಸರದಿ ಹತ್ತಿರ ಬಂದಾಗ ಒಬ್ಬ ಹೆಂಗಸು ಕೇಳಿದಳು, "ಕಂಡಕ್ಟ್ರೇ, ಬಸ್ಸಿಗೆ ಹೊತ್ತಾತು, ನಾನು ಮುಂದೆ ಹೋಗ್ಲಾ?"

ನಾನು ಟೋಕನ್ ಬಿಗಿಯಾಗಿ ಹಿಡಿದು ನೆಲ ನೋಡಿದೆ.

"ಬಿಡಿ ಪಾಪ, ಅಡ್ಡಿಲ್ಲ" ಎಂದಳು ಹೆಂಡತಿ.

"ಅವತ್ತೂ ಹೀಗೇ ಅಂದಿದ್ದೆ ನೀನು. ನೋವಿರ್ಲಿಲ್ವಾ?"

"ತಡ್ಕಳಕ್ಕಾಗದಷ್ಟು ಇತ್ತು. ರಿಟೈರ್ ಆದ್ಮೇಲೆ ನೀವು ಅಷ್ಟು ಖುಷಿಯಾಗಿದ್ದದ್ದು ನಾನು ಅವತ್ತೇ ನೋಡಿದ್ದು. ಹೆಂಗೆ ಹೇಳ್ಲಿ?"

ಒಳಗಿನಿಂದ ನಮ್ಮ ನಂಬರು ಕೂಗಿದರು. ನಾನು ಯಾರ ಮುಖವನ್ನೂ ನೋಡದೆ ಅವಳ ಕೈ ಹಿಡಿದು ಎಬ್ಬಿಸಿದೆ.